ಏಳು ಸಲ, ಅದರಲ್ಲೊಮ್ಮೆ ಮಣ್ಣು

ಅಕ್ಟೋಬರ್ 4, ಶನಿವಾರ

ಹಾಟ್‌ಬಾಕ್ಸ್ ಎರಡು ವಾಪಸ್ ಬಂದವು. ಒಂದಕ್ಕೆ ಬಾಗಿಲ ಚಿಲಕ ಇಲ್ಲ. ಇನ್ನೊಂದರೊಳಗೆ ಅರ್ಧ ಬಾಳೆಹಣ್ಣು, ಯಾವುದೋ ಮಗುವಿನ ಒಂಟಿ ಕಾಲುಚೀಲ. ಅನ್ನ ಬಿಸಿ ಇಡುವ ಪೆಟ್ಟಿಗೆಯಲ್ಲಿ ಕಾಲುಚೀಲ! ಫೋನ್ ಮಾಡಿ ಚಿಲಕ ಎಲ್ಲಿ ಎಂದು ಕೇಳಿದೆ. ಬಾಡಿಗೆಗೆ ಒಯ್ದಿದ್ದ ಅಡುಗೆಯ ಹೆಂಗಸು ನನಗೇ ಬೈದಳು.

"ಮದುವೆ ಹೇಗಾಯ್ತು ಅಂತ ಕೇಳ್ಲಿಲ್ಲ, ಮದುಮಗಳು ಚೆನ್ನಾಗಿ ಕಾಣ್ತಿದ್ಲಾ ಅಂತ ಕೇಳ್ಲಿಲ್ಲ, ನೇರ ಚಿಲಕಕ್ಕೇ ಬಂದ್ಯಲ್ಲ! ಬೋರ್ಡಿಂಗ್ ಸ್ಕೂಲಲ್ಲಿ ಇದನ್ನೇ ಕಲ್ಸಿದ್ದಾ?"

ಹೌದು, ಇದನ್ನೇ ಕಲಿಸಿದ್ದು. ನೈರೋಬಿಯ ಹಾಸ್ಟೆಲಿನಲ್ಲಿ ಒಂದು ಚಮಚ ಕಡಿಮೆಯಾದರೆ ಇಡೀ ಡಾರ್ಮಿಟರಿಗೆ ಟೀ ಕಟ್. ಆರು ವರ್ಷ ಹಾಗೆ ಬೆಳೆದವಳು. ಇಲ್ಲಿ ಮಿನಿಯಾಪೊಲಿಸ್‌ಗೆ ಬಂದು ನೋಡಿದರೆ ನಮ್ಮ ಸೊಮಾಲಿ ಜನಕ್ಕೆ ಯಾವುದರ ಲೆಕ್ಕವೂ ಇಲ್ಲ. ಒಯ್ದವರು ಕೊಟ್ಟಾಗ ಕೊಟ್ಟರು, ಇಟ್ಟಾಗ ಇಟ್ಟರು.

ಬಿಸಿನೆಸ್ ಇಂಟ್ರೊ ಕ್ಲಾಸಿನಲ್ಲಿ ಹೇಳಿಕೊಟ್ಟ ಹಾಗೆ ಒಂದು ಕಾಂಟ್ರಾಕ್ಟ್ ಟೈಪ್ ಮಾಡಿ ಬಿಷಾರೊ ಚಿಕ್ಕಮ್ಮನ ಮುಂದಿಟ್ಟೆ. ಒಂದೇ ಪುಟ. ಓದಲೂ ಇಲ್ಲ. ಅದರ ಮೇಲೆ ಟೀ ಲೋಟ ಇಟ್ಟಳು.

"ಅಡುಗೆಯ ಸಿರಾದ್ ಕೈಲೂ ಸಹಿ ಹಾಕ್ಸು ಅಂತೀಯಾ? ನನ್ನ ಮೊದಲ್ನೇ ಹೆರಿಗೇಲಿ ಕೈ ಹಿಡ್ಕೊಂಡು ಕೂತಿದ್ದೋಳು ಅವಳು."

"ಅದು ಹೆರಿಗೆ ಚಿಕ್ಕಮ್ಮ. ಇದು ಬಿಸಿನೆಸ್."

"ಎರಡೂ ಒಂದೇ ಕಣೇ ಸಗಲ್. ಕಿರುಚ್ಕೋಬೇಕು, ತಳ್ಬೇಕು."

ಇಂಥವಳು ಹನ್ನೊಂದು ವರ್ಷದ ಆಸ್ಪತ್ರೆ ಅಡುಗೆಮನೆ ಕೆಲಸ ಬಿಟ್ಟು ಮದುವೆ ಅಡುಗೆಯವರಿಗೆ ಪಾತ್ರೆ ಬಾಡಿಗೆಗೆ ಕೊಡಲು ಹೊರಟಿದ್ದಾಳೆ. ಬೇಸಿಗೆಯಲ್ಲಿ ಶುರು ಮಾಡಿದ್ದು. ಗ್ಯಾರೇಜೇ ಅಂಗಡಿ. ವ್ಯಾನಿಗೆ ಹೆಸರೂ ಬರೆಸಿಲ್ಲ. ನನಗೆ ಸೋಮವಾರ ಕ್ವಿಜ್ ಬೇರೆ.

ಅಕ್ಟೋಬರ್ 11, ಶನಿವಾರ

ದೊಡ್ಡ ಮಾಲು ಬಂತು. ಮುಚ್ಚಿಹೋದ ಯಾವುದೋ ಪಾರ್ಟಿ ಹಾಲಿನದು. ನಾಲ್ಕು ಕೊಪ್ಪರಿಗೆ, ಗ್ಯಾಸ್ ಬರ್ನರುಗಳು, ಮತ್ತೆ ಮುಖ್ಯವಾಗಿ ಹರಿವಾಣಗಳು. ಒಂದೊಂದರ ಸುತ್ತ ಆರು ಜನ ಕೂತು ಕೈಹಾಕಿ ಉಣ್ಣುವಷ್ಟು ಅಗಲ. ಇಷ್ಟು ಅಗಲದ ಹರಿವಾಣ ಊರಿನಲ್ಲಿ ಇನ್ನೊಬ್ಬನ ಹತ್ತಿರ ಮಾತ್ರ ಇವೆ. ಗುಲೇದ್. ಅವನೂ ಪಾತ್ರೆ ಬಾಡಿಗೆಗೆ ಕೊಡುವವನೇ. ಮೆಹಂದಿ ಹಚ್ಚಿ ಕೆಂಪು ಮಾಡಿದ ಗಡ್ಡ, ಗೋಡೌನು, ಎರಡು ಟ್ರಕ್ಕು. ನಾನು ಚಿಕ್ಕಪ್ಪ ಎನ್ನಬೇಕು. ನೆಂಟನಲ್ಲ. ಗಡ್ಡ ಬಂದವರೆಲ್ಲ ಚಿಕ್ಕಪ್ಪಂದಿರು, ಅಷ್ಟೆ.

ಚಿಕ್ಕಮ್ಮ ಹರಿವಾಣಗಳನ್ನು ಮುಟ್ಟಲು ಬಿಡಲಿಲ್ಲ. "ಆ ಹಾಲಲ್ಲಿ ಏನೇನು ಬಡಿಸ್ತಿದ್ರೋ. ಹಂದಿ ಇದ್ದೇ ಇರತ್ತೆ."

"ಇತ್ತು ಅಂತ ಗೊತ್ತಾ?"

"ಇರ್ಲಿಲ್ಲ ಅಂತ ಗೊತ್ತಾ?"

ಹಂದಿ ತಾಗಿದ್ದಕ್ಕೆ ನಮ್ಮಲ್ಲಿ ಕ್ರಮ ಇದೆ. ಏಳು ಸಲ ತೊಳೆಯಬೇಕು, ಅದರಲ್ಲೊಮ್ಮೆ ಮಣ್ಣು ಕಲಸಿದ ನೀರಲ್ಲಿ. ತಾಗಿದೆಯೋ ಇಲ್ಲವೋ ಗೊತ್ತಿಲ್ಲದ್ದಕ್ಕೆ ಅಷ್ಟೆಲ್ಲ ಬೇಕಿಲ್ಲ, ನನಗೂ ಗೊತ್ತು. ಚಿಕ್ಕಮ್ಮ ಕೇಳಬೇಕಲ್ಲ.

ಅಕ್ಟೋಬರ್ 12, ಭಾನುವಾರ

ಬೆನ್ನು ಸತ್ತಿದೆ. ನಲ್ಲಿ ಮನೆಯ ಮುಂದೆ ಇರುವುದರಿಂದ ಎಲ್ಲವನ್ನೂ ಮುಂದಿನ ಡ್ರೈವ್‌ವೇನಲ್ಲಿ ಹರಡಿಕೊಂಡು ತೊಳೆದೆವು. ಮಣ್ಣು ತಾ ಎಂದಳು. ಅಂಗಡಿಗೆ ಹೋಗಿ ಹೂಕುಂಡದ ಮಣ್ಣಿನ ಮೂಟೆ ತಂದೆ. ಕ್ಲೀನಾಗಿ ಪ್ಯಾಕ್ ಆಗಿತ್ತು. ಚಿಕ್ಕಮ್ಮ ಮೂಟೆಯ ಮೇಲಿನದನ್ನು ಓದಿಸಿದಳು. ಓದಿದೆ. ಕುರಿಗೊಬ್ಬರ, ಕೋಳಿಗೊಬ್ಬರ…

"ಅಲ್ಲಾ, ಇವಳಿಗೆ ಬುದ್ಧಿ ಕೊಡಪ್ಪ! ಗೊಬ್ಬರದಲ್ಲಿ ಶುದ್ಧ ಮಾಡೋಕೆ ಹೊರಟಿದಾಳೆ!" ಎಂದು ಆಕಾಶಕ್ಕೆ ಹೇಳಿದಳು. ಆಮೇಲೆ ಹಿತ್ತಲಲ್ಲಿ ಅಗೆದೆ. ಅಂಗೈಯಲ್ಲಿ ಗುಳ್ಳೆ.

ಹರಿವಾಣಗಳ ತಳಕ್ಕೆ ಕೆಂಪು ಪೇಂಟಿನ ಚುಕ್ಕೆ ಇಟ್ಟೆ. ನಮ್ಮದು ಎಂದು ಗುರುತಿಗೆ. ಇದೊಂದು ಐಡಿಯಾ ಮಾತ್ರ ಮೆಚ್ಚಿದಳು.

ಅಕ್ಟೋಬರ್ 16, ಗುರುವಾರ

ಬರೆಯಲು ಮನಸ್ಸಿಲ್ಲ. ಆದರೂ ಬರೆಯುತ್ತೇನೆ.

ಯಾರೋ ಭಾನುವಾರ ಕಾರಿನಿಂದ ನಮ್ಮ ಫೋಟೊ ತೆಗೆದಿದ್ದಾರೆ. ಚಿಕ್ಕಮ್ಮನಿಗೆ ಮೊಣಕೈವರೆಗೆ ಕೆಸರು, ನಾನು ಪೈಪು ಹಿಡಿದು ಬಾಯಿ ತೆರೆದು ನಿಂತಿದ್ದೇನೆ. ಫೋಟೊ ವಾಟ್ಸಾಪಿನ ಎಲ್ಲ ಗುಂಪುಗಳಲ್ಲಿ ಓಡಾಡುತ್ತಿದೆ. ಜೊತೆಗೆ ಗುಲೇದನ ವಾಯ್ಸ್ ಮೆಸೇಜ್. ಆ ಜೇನು ಸುರಿಯುವ ದನಿ —

"ಸೋದರಿಯರೇ, ನಾನು ಯಾರ ಮೇಲೂ ಏನೂ ಹೇಳ್ತಿಲ್ಲ. ಬಿಷಾರೊ ನಂಗೂ ತಂಗಿ ಇದ್ದಂಗೆ. ಒಂದೇ ಪ್ರಶ್ನೆ. ಗಾಯ ಇಲ್ದೋರು ಯಾರಾದ್ರೂ ಪಟ್ಟಿ ಕಟ್ಕೋತಾರಾ? ಮಣ್ಣು ಹಾಕಿ ಯಾಕೆ ತೊಳೀತಿದಾಳೆ? ನೀವೇ ಯೋಚ್ನೆ ಮಾಡಿ."

ಯಾರ ಮೇಲೂ ಏನೂ ಹೇಳ್ತಿಲ್ಲವಂತೆ! ತೊಳೆದದ್ದೇ ತಪ್ಪಾಯಿತು. ತೊಳೆಯದೆ ಕೊಟ್ಟಿದ್ದರೆ ಒಬ್ಬರೂ ತುಟಿ ಬಿಚ್ಚುತ್ತಿರಲಿಲ್ಲ. ಕ್ಲೀನ್ ಮಾಡಿದವಳು ಕೊಳಕಿ, ಮಾಡದವನು ಸಾಚಾ. ಇದು ಯಾವ ನ್ಯಾಯ? ಇಟ್ಸ್ ಸೋ ಅನ್‌ಫೇರ್. ಇಂಗ್ಲಿಷಿನಲ್ಲೂ ಸಾಲುತ್ತಿಲ್ಲ, ಯಾವ ಭಾಷೆಯಲ್ಲೂ ಸಾಲುತ್ತಿಲ್ಲ.

ಸಂಜೆಯೊಳಗೆ ಮೂವರು ಅಡುಗೆಯವರು ಫೋನ್ ಮಾಡಿ ಪಾತ್ರೆ ಬೇಡ ಎಂದರು. ಒಬ್ಬಳಿಗೆ ಹುಷಾರಿಲ್ಲ. ಒಬ್ಬಳು ಅಡುಗೆಗೆ ಒಪ್ಪಿದ್ದ ಮದುವೆ ಮುಂದಕ್ಕೆ ಹೋಯಿತು. ಇನ್ನೊಬ್ಬಳು ಕಾರಣ ಹೇಳುವ ಕಷ್ಟವನ್ನೂ ತೆಗೆದುಕೊಳ್ಳಲಿಲ್ಲ.

ಅಕ್ಟೋಬರ್ 19, ಭಾನುವಾರ

ಸಿರಾದಕ್ಕ ಬಂದಿದ್ದಳು. ಊರಿನ ಅಡುಗೆಯವರಲ್ಲೆಲ್ಲ ದೊಡ್ಡ ಹೆಸರು ಅವಳದು. ಬಾಗಿಲು ತೆಗೆಯುವ ಮೊದಲೇ ಬೈಗುಳ ಶುರು.

"ಏ ಬಿಷಾರೊ! ಬೀದೀಲಿ ಕೂತು ತೊಳಿ ಅಂತ ಯಾರು ಹೇಳಿದ್ರೇ ನಿಂಗೆ? ಒಳಗೆ ಬಚ್ಚಲು ಇರ್ಲಿಲ್ವಾ?"

"ಬಚ್ಚಲು ನೋಡಿದೀಯಲ್ಲ. ಕೊಪ್ಪರಿಗೆ ಇಟ್ರೆ ನಾನು ಹೊರಗೆ ನಿಲ್ಬೇಕು."

ಇಬ್ಬರೂ ನಕ್ಕರು! ನಗು ಹೇಗೆ ಬರುತ್ತದೋ ಇವರಿಗೆ.

ನವೆಂಬರ್ 15ರ ಮದುವೆಗೆ ಹೇಳಿದ್ದ ನಮ್ಮ ಪಾತ್ರೆಗಳನ್ನು ಸಿರಾದಕ್ಕ ಕೈಬಿಟ್ಟಿಲ್ಲ. ನಾನೂರು ಜನ. ಹರಿವಾಣಗಳೆಲ್ಲ ಬೇಕು. "ಮದುಮಗಳ ತಾಯಿ ಮೂತಿ ತಿರುಗಿಸ್ತಿದಾಳೆ. ನಾನು ನೋಡ್ಕೋತೀನಿ. ಆ ನಾನೂರು ಜನ ನಿನ್ನ ಹರಿವಾಣದಲ್ಲಿ ಉಂಡ್ರೆ ಮುಗೀತು, ಗುಲೇದನ ಬಾಯಿ ಬಂದ್. ಉಣ್ಲಿಲ್ಲ ಅಂದ್ರೆ…" ಎಂದಳು.

ಉಣ್ಣಲಿಲ್ಲ ಅಂದರೆ ವ್ಯಾನ್ ಮಾರಬೇಕು. ಚಿಕ್ಕಮ್ಮ ಚೀಟಿ ಎತ್ತಿದ ಹಣವೆಲ್ಲ ಗ್ಯಾರೇಜಿನಲ್ಲಿ ಸ್ಟೀಲ್ ಆಗಿ ಕೂತಿದೆ.

ಮಸೀದಿಯ ಇಮಾಮರಿಂದ ಒಂದು ಪತ್ರ ತರೋಣ ಎಂದೆ. ಪಾತ್ರೆ ಶುದ್ಧ ಇದೆ, ಸಹಿ, ಸೀಲು. ಚಿಕ್ಕಮ್ಮ ನನ್ನನ್ನು ಎಂಥ ಕಣ್ಣಿಂದ ನೋಡಿದಳು ಎಂದರೆ… "ಕಳ್ಳಿ ಅಲ್ಲ ಅಂತ ಪೊಲೀಸಿನವರ ಹತ್ರ ಚೀಟಿ ಬರೆಸ್ಕೊಂಡು ಓಡಾಡ್ತಾರೇನೆ ಯಾರಾದ್ರೂ?"

ಪ್ರತಿಯೊಂದಕ್ಕೂ ಒಂದು ಗಾದೆ. ಗಾದೆ ಇಟ್ಟುಕೊಂಡು ಮನೆ ಬಾಡಿಗೆ ಕಟ್ಟಲಿ.

ಅಕ್ಟೋಬರ್ 23

ಗುಲೇದನಿಗೆ ಉತ್ತರವಾಗಿ ವಾಯ್ಸ್ ಮೆಸೇಜ್ ರೆಕಾರ್ಡ್ ಮಾಡಿದೆ. ಕಾಲೇಜಿನ ಟಾಯ್ಲೆಟ್ಟಿನಲ್ಲಿ. ಕೇಳಿದರೆ ಅಳುವ ಮಗುವಿನ ಹಾಗಿತ್ತು. ಅಳಿಸಿದೆ. ಕ್ಲಾಸಿನಲ್ಲಿ ಪ್ರೊಫೆಸರ್ ಹೆಸರು ಕರೆದರೂ ಪುಸ್ತಕದ ಹಿಂದೆ ಬಗ್ಗುವವಳು. ನಾನು ಯಾರಿಗೆ ಉತ್ತರ ಕೊಡುತ್ತೇನೆ.

ನವೆಂಬರ್ 2, ಭಾನುವಾರ

ಮೂರು ಶನಿವಾರ, ಒಂದು ಚಮಚವೂ ಹೊರಗೆ ಹೋಗಿಲ್ಲ. ಚಿಕ್ಕಮ್ಮ ಆಸ್ಪತ್ರೆಯ ಹಳೇ ಮೇಲ್ವಿಚಾರಕಿಗೆ ಫೋನ್ ಮಾಡಿ "ಸುಮ್ನೆ, ಹೇಗಿದೀರಾ ಅಂತ" ಮಾತಾಡಿದಳು. ಸುಮ್ಮನೆ ಯಾರೂ ಹಳೇ ಮೇಲ್ವಿಚಾರಕಿಗೆ ಫೋನ್ ಮಾಡುವುದಿಲ್ಲ.

ನವೆಂಬರ್ 13, ಗುರುವಾರ, ಮಧ್ಯಾಹ್ನ

ಗುಲೇದನ ತಾಯಿ ತೀರಿಕೊಂಡಳು. ಮುಮಿನಾ ಅಜ್ಜಿ. ದೇವರು ಒಳ್ಳೆಯದು ಮಾಡಲಿ, ಅವಳ ಮೇಲೆ ನನಗೇನೂ ಇಲ್ಲ. ನಾಳೆ ಶುಕ್ರವಾರದ ಪ್ರಾರ್ಥನೆ ಮುಗಿದ ಮೇಲೆ ಮಣ್ಣು. ಆಮೇಲೆ ಮೂರು ದಿನ ಜನ ಬರುತ್ತಾರೆ.

ಮನೆಗೆ ಬಂದರೆ ಚಿಕ್ಕಮ್ಮ ವ್ಯಾನಿಗೆ ಹರಿವಾಣ ತುಂಬುತ್ತಿದ್ದಾಳೆ.

"ಮದುವೆ ಶನಿವಾರ ಅಲ್ವಾ? ಇವತ್ತೇ ಯಾಕೆ?"

"ಇದು ಮದುವೆಗಲ್ಲ. ಗುಲೇದನ ಮನೆಗೆ."

ಕೇಳಿದ್ದು ತಪ್ಪೇನೋ ಅಂದುಕೊಂಡೆ. ಮತ್ತೆ ಕೇಳಿದೆ. ಮತ್ತೆ ಅದನ್ನೇ ಹೇಳಿದಳು, ಹರಿವಾಣ ಎತ್ತಿಡುತ್ತಲೇ.

ಅವನ ಗೋಡೌನಿನಲ್ಲಿ ಇನ್ನೂರು ಹರಿವಾಣ ಇವೆ! ಇರಲಿ, ಆದರೆ ಸಾವಾದ ಮನೆಯಲ್ಲಿ ಒಲೆ ಹೊತ್ತುವುದಿಲ್ಲ, ಸಾವಾದವರ ಪಾತ್ರೆಯನ್ನು ಯಾರೂ ಕೇಳುವುದಿಲ್ಲ. ಅಕ್ಕಪಕ್ಕದವರು ಬೇಯಿಸಿ ತಮ್ಮ ಪಾತ್ರೆಯಲ್ಲೇ ತರಬೇಕು. ಅಷ್ಟು ಜನಕ್ಕೆ ಆಗುವ ಪಾತ್ರೆ ಇನ್ನು ಯಾರಲ್ಲಿದೆ? ನಮ್ಮಲ್ಲಿ. ಬಾಡಿಗೆಯ ಮಾತೇ ಇಲ್ಲ.

"ಬೇರೆ ಯಾರಾದ್ರೂ ಹೊಂದಿಸ್ಲಿ! ನಮ್ಮ ಪಾತ್ರೆ ಹಂದಿ ಪಾತ್ರೆ ಅಂದೋನು ಅವ್ನು! ಮೂರು ದಿನ ಹರಿವಾಣ ಅಲ್ಲೇ ಇದ್ರೆ ಶನಿವಾರದ ಮದುವೆ ಹೋಯ್ತು, ನಾವು ಮುಗಿದ್ವಿ, ಗೊತ್ತಾ?"

"ಗೊತ್ತು."

"ಮತ್ತೆ?"

"ಸತ್ತಿರೋದು ಅವನಲ್ಲ, ಅವನ ತಾಯಿ. ಆ ಕಡೆ ಹಿಡಿ."

ನಾನು ಹಿಡಿಯಲಿಲ್ಲ. ಜೀವನದಲ್ಲಿ ಮೊದಲ ಬಾರಿ ದೊಡ್ಡವರು ಹೇಳಿದ್ದು ಮಾಡದೆ ನಿಂತೆ. ಅವಳೊಬ್ಬಳೇ ತುಂಬಿದಳು.

ಸಿರಾದಕ್ಕನಿಗೆ ಫೋನ್ ಮಾಡಿ ಹೇಳುವ ಕೆಲಸ ಮಾತ್ರ ನನಗೆ. "ಯಾರ ಮನೆಗೆ? ಅವನ ಮನೆಗಾ? ನಿಮ್ಮ ಚಿಕ್ಕಮ್ಮನಿಗೆ ತಲೆ ಕೆಟ್ಟಿದೆಯಾ?" ಎಂದು ಕಿರುಚಿದಳು. ಆಮೇಲೆ ಎಂದಳು, "ಎಷ್ಟು ಕೊಪ್ಪರಿಗೆ ಕಳಿಸ್ತಿದಾಳೆ ಕೇಳು. ಅನ್ನ ನಾನೇ ಮಾಡ್ತೀನಿ."

ಎಲ್ಲರಿಗೂ ತಲೆ ಕೆಟ್ಟಿದೆ.

ನವೆಂಬರ್ 14, ಶುಕ್ರವಾರ, ಸಂಜೆ

ಹೋಗುವುದಿಲ್ಲ ಎಂದುಕೊಂಡಿದ್ದೆ. ಹೋದೆ. ವ್ಯಾನಿನಿಂದ ಇಳಿಯುವುದಿಲ್ಲ ಎಂದುಕೊಂಡೆ. ಇಳಿದೆ.

ಗುಲೇದನ ಮನೆಯಲ್ಲಿ ಹೆಂಗಸರು ಮೇಲೆ, ಗಂಡಸರು ಕೆಳಗೆ ಬೇಸ್‌ಮೆಂಟಿನಲ್ಲಿ. ನಡುವೆ ಬರೀ ಮೆಟ್ಟಿಲು, ಬಾಗಿಲಿಲ್ಲ. ಸಿರಾದಕ್ಕ ಅನ್ನದ ಮೇಲೆ ಮೇಕೆ ಮಾಂಸ, ಬದಿಗೆ ಬಾಳೆಹಣ್ಣು ಇಟ್ಟು ಹರಿವಾಣಗಳನ್ನು ನೆಲದ ಮೇಲೆ ಸಾಲಾಗಿ ಇಡಿಸಿದಳು. ಹೊಗೆಯಾಡುವ ಅನ್ನ. ಹೆಂಗಸರು ಸುತ್ತ ಕೂತರು.

ಒಬ್ಬರೂ ಕೈ ಹಾಕಲಿಲ್ಲ.

ಇಡುವಾಗ ತಳದ ಕೆಂಪು ಚುಕ್ಕೆ ಕಂಡಿರಬೇಕು. ನನ್ನ ಐಡಿಯಾ! ಒಬ್ಬಳು ತನಗೆ ಶುಗರ್ ಎಂದಳು. ಒಬ್ಬಳು ಮನೆಯಲ್ಲೇ ತಿಂದು ಬಂದಳಂತೆ. ಕಾರಣ ಹೇಳದೆ ಫೋನ್ ಇಟ್ಟಿದ್ದಳಲ್ಲ, ಅವಳು ಬಾಳೆಹಣ್ಣನ್ನು ಮಾತ್ರ ಎರಡು ಬೆರಳಲ್ಲಿ ಎತ್ತಿಕೊಂಡಳು, ಸಿಪ್ಪೆ ಇರುತ್ತದಲ್ಲ. ಆ ಎರಡು ಬೆರಳು! ಅದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಚಿಕ್ಕಮ್ಮ ಗೋಡೆಗೆ ಒರಗಿ ನಿಂತಿದ್ದಳು. ಅವಳ ಮುಖ ನೋಡಲಾಗಲಿಲ್ಲ.

ಸತ್ತ ಅಜ್ಜಿಯ ಮಗಳು, ಗುಲೇದನ ಅಕ್ಕ ಅರ್ದೊ ಅತ್ತೆ, ನಡುವೆ ಕೂತಿದ್ದಳು. ಅತ್ತು ಕಣ್ಣು ಊದಿತ್ತು. ಅನ್ನ ನೋಡಿದಳು, ಹೆಂಗಸರನ್ನು ನೋಡಿದಳು.

"ಯಾರದು ಹರಿವಾಣ?"

"ನಂದು," ಎಂದಳು ಚಿಕ್ಕಮ್ಮ.

"ತೊಳೆದಿದ್ದಾ?"

"ಏಳು ಸಲ. ಒಂದ್ಸಲ ಮಣ್ಣಲ್ಲಿ."

"ನಮ್ಮಮ್ಮ ತಟ್ಟೆ ಒಂದೇ ಸಲ ತೊಳೀತಿದ್ದಿದ್ದು. ಅದೂ ಮನಸ್ಸು ಬಂದ್ರೆ," ಎಂದು ಅರ್ದೊ ಅತ್ತೆ ತೋಳೇರಿಸಿ ಹರಿವಾಣಕ್ಕೆ ಕೈ ಹಾಕಿದಳು. ದೊಡ್ಡ ತುತ್ತು. ಅಗಿಯುತ್ತಲೇ ಮೆಟ್ಟಿಲ ಕಡೆ ತಿರುಗಿದಳು. "ಗುಲೇದ್! ಏ ಗುಲೇದ್! ನಿನ್ನ ಗೋಡೌನಿಂದು ಎಷ್ಟು ಸಲ ತೊಳೆದಿದೀಯೋ?"

ಕೆಳಗಿನ ಮಾತೆಲ್ಲ ನಿಂತಿತು.

"ಅವೂ ಮುಚ್ಚಿರೋ ಹೋಟ್ಲುಗಳಿಂದ ತಂದಿದ್ದೇ ಅಲ್ವೇನೋ?"

ಮೇಲೆ ಯಾರೋ ತಲೆವಸ್ತ್ರದ ಸೆರಗನ್ನು ಬಾಯಿಗೆ ತುರುಕಿಕೊಂಡರು. ಸಾವಿನ ಮನೆ, ನಗುವ ಹಾಗಿಲ್ಲ. ಆಮೇಲೆ ಒಂದು ಕೈ ಬಂತು, ಇನ್ನೊಂದು ಬಂತು. ಬಾಳೆಹಣ್ಣಿನವಳೂ ಹಾಕಿದಳು. ಶುಗರಿನವಳು ಎಲ್ಲರಿಗಿಂತ ಹೆಚ್ಚು ತಿಂದಳು. ಗಂಡಸರ ಕಡೆ ಹೋದ ಹರಿವಾಣಗಳಲ್ಲಿ ಮೂಳೆ ಮಾತ್ರ ವಾಪಸ್ ಬಂತು.

ವ್ಯಾನಿನಲ್ಲಿ ನನಗೆ ತಡೆಯಲಾಗಲಿಲ್ಲ. "ಅವ್ನೂ ತಿಂದ. ಎಲ್ಲರ ಮುಂದೆ ತಪ್ಪಾಯ್ತು ಅಂತ ಒಂದು ಮಾತು ಹೇಳ್ಬೇಕಿತ್ತು!"

"ಬಾಯಲ್ಲಿ ಅನ್ನ ಇತ್ತಲ್ಲ, ಹೇಗೆ ಹೇಳ್ತಾನೆ?"

"ಚಿಕ್ಕಮ್ಮ… ಹೀಗಾಗತ್ತೆ ಅಂತಾನೇ ಕಳಿಸಿದ್ದಾ?"

ರಸ್ತೆ ಬದಿಗೆ ಗಾಡಿ ನಿಲ್ಲಿಸಿದಳು. ಅಷ್ಟು ಸಿಟ್ಟು ಅವಳಲ್ಲಿ ನಾನು ಕಂಡಿರಲಿಲ್ಲ. "ಸತ್ತೋರ ಮನೆಗೆ ಪಾತ್ರೆ ಕಳಿಸೋದಕ್ಕೂ ನಿಮ್ಮ ಕ್ಲಾಸಲ್ಲಿ ಒಂದು ಹೆಸರಿದೆಯಾ?"

ಇದೆ. ಹೇಳಲಿಲ್ಲ.

ನವೆಂಬರ್ 15, ಶನಿವಾರ

ಮದುವೆ ಆಯಿತು. ಫಾಯಿಲ್ ಟ್ರೇ, ಕಾಗದದ ತಟ್ಟೆ. ಮದುಮಗಳ ತಾಯಿ "ಸದ್ಯ, ಪೀಡೆ ತೊಲಗ್ತು" ಎಂದಳಂತೆ. ಇನ್ನು ನಮ್ಮ ಕಡೆ ತಿರುಗಿಯೂ ನೋಡುವುದಿಲ್ಲವಂತೆ. ನೋಡಬೇಡ! ಆದರೆ ಆ ಮದುವೆಯ ಬಾಡಿಗೆ ಹೋಯಿತು. ಚಿಕ್ಕಮ್ಮ ಏನೂ ಆಗದವಳ ಹಾಗೆ ಈರುಳ್ಳಿ ಹೆಚ್ಚುತ್ತಿದ್ದಾಳೆ.

ನವೆಂಬರ್ 19, ಬುಧವಾರ

ಗುಲೇದ್ ಬಂದಿದ್ದ. ಸ್ವತಃ. ನಮ್ಮ ಹರಿವಾಣಗಳನ್ನು ತೊಳೆದು ಒರೆಸಿ ತಂದಿದ್ದ. ನಾನು ಎಣಿಸಿದೆ, ಅವನ ಎದುರಿಗೇ, ಜೋರಾಗಿ. ಒಂದೂ ಕಡಿಮೆ ಇರಲಿಲ್ಲ. ಕಡಿಮೆ ಇರಬೇಕಿತ್ತು ಎಂದು ಆಸೆಯಾಗಿತ್ತು.

ಗ್ಯಾರೇಜಿನಲ್ಲಿ ಸ್ಟೂಲಿನ ಮೇಲೆ ಕೂತ. ಟೀ ಕೊಟ್ಟಳು ಚಿಕ್ಕಮ್ಮ. ಏಲಕ್ಕಿ ಹಾಕಿ! ಗಡ್ಡದ ಬುಡದಲ್ಲಿ ಬಿಳಿ ಬಂದಿತ್ತು, ಮೆಹಂದಿ ಹಚ್ಚಿರಲಿಲ್ಲ.

"ಬಿಷಾರೊ," ಎಂದ. "ನನ್ನ ಗೋಡೌನಿನ ಮಾಲು… ಅಕ್ಕ ಕೇಳಿದಾಗಿಂದ ನಿದ್ದೆ ಇಲ್ಲ. ಎಲ್ಲಾ ಹರಾಜಲ್ಲಿ ತಂದಿದ್ದು. ಸೋಪು ಹಾಕಿ ತೊಳೆದಿದೀನಿ, ಅಷ್ಟೆ. ಹನ್ನೆರಡು ವರ್ಷದಿಂದ ಜನ ಅದ್ರಲ್ಲೇ ಉಂಡಿದಾರೆ. ನಮ್ಮಮ್ಮನೂ."

ನನ್ನ ತಲೆಗೆ ರಕ್ತ ಏರಿತು. ಸೋಪು! ಅಷ್ಟೆ! ಹನ್ನೆರಡು ವರ್ಷ! ಮತ್ತೆ ಆ ಜೇನಿನ ದನಿಯಲ್ಲಿ ನಮ್ಮನ್ನು…

"ನಿಂಗೆ ಕ್ರಮ ಗೊತ್ತು," ಎಂದ. "ಬಂದು ಹೇಳ್ಕೊಡ್ಬೇಕು. ಗೋಡೌನಲ್ಲಿ ನೀರಿನ ವ್ಯವಸ್ಥೆ ಇಲ್ಲ. ನಿಮ್ಮ ಹಿಂದಿನ ಓಣಿಗೆ ತರ್ತೀನಿ. ಬೆಳಕು ಹರಿಯೋ ಮುಂಚೆ. ಯಾರಿಗೂ ಗೊತ್ತಾಗೋದು ಬೇಡ."

ಚಿಕ್ಕಮ್ಮ ತಲೆ ಅಲ್ಲಾಡಿಸಿದಳು. ಒಪ್ಪುವ ತಲೆ! "ಸರಿ, ಹಿಂದುಗಡೇನೇ—"

"ಮುಂದುಗಡೆ."

ಯಾರ ದನಿ ಎಂದು ನೋಡಿದೆ. ನನ್ನದು. ಕೀಚಲಾಗಿತ್ತು. ಆದರೂ ನಿಲ್ಲಿಸಲಿಲ್ಲ.

"ಮುಂದುಗಡೆ ತೊಳೀಬೇಕು ಚಿಕ್ಕಪ್ಪ. ರಸ್ತೆಗೆ ಕಾಣೋ ಹಾಗೆ. ಶನಿವಾರ, ಹಗಲಲ್ಲಿ. ನಾವು ಎಲ್ಲಿ ತೊಳೆದ್ವೋ ಅಲ್ಲೇ. ಇಲ್ಲಾಂದ್ರೆ ನಿಮ್ಮ ಪಾತ್ರೆ ನೀವೇ ತೊಳ್ಕೊಳಿ."

ಗುಲೇದ್ ಚಿಕ್ಕಮ್ಮನ ಕಡೆ ನೋಡಿದ. "ಈ ಹುಡುಗಿ ಮಾತಾಡ್ತಾಳಾ?"

"ಅಪರೂಪಕ್ಕೆ," ಎಂದಳು ಚಿಕ್ಕಮ್ಮ.

ಟೀ ಅರ್ಧಕ್ಕೇ ಬಿಟ್ಟು ಹೋದ. ಚಿಕ್ಕಮ್ಮ ನನಗೆ ಬೈಯಲಿಲ್ಲ. ಹೊಗಳಲೂ ಇಲ್ಲ. ಅವನು ಬಿಟ್ಟ ಟೀ ಕುಡಿದಳು.

ನವೆಂಬರ್ 21

ಬರುವುದಿಲ್ಲ ಅವನು. ಯಾಕೆ ಬರುತ್ತಾನೆ? ಸ್ಟ್ಯಾಟಿಸ್ಟಿಕ್ಸ್ ತಲೆಗೆ ಹತ್ತುತ್ತಿಲ್ಲ.

ಇವತ್ತು ಇಬ್ಬರು ಅಡುಗೆಯವರು ಡಿಸೆಂಬರಿಗೆ ಹರಿವಾಣ ಕೇಳಿದರು. ಒಬ್ಬಳು ಆ ಬಾಳೆಹಣ್ಣಿನವಳು. "ಏನೂ ಅಂದ್ಕೋಬೇಡ ಮಗಳೇ" ಎಂದಳು. ಅಂದುಕೊಂಡಿದ್ದೇನೆ. ಬುಕ್ಕಿಂಗ್ ತೆಗೆದುಕೊಂಡೆ.

ನವೆಂಬರ್ 22, ಶನಿವಾರ, ಬೆಳಿಗ್ಗೆ 11

ಬಂದ.

ಟ್ರಕ್ಕನ್ನು ಹಿಮ್ಮುಖವಾಗಿ ನಮ್ಮ ಮುಂದಿನ ಡ್ರೈವ್‌ವೇಗೆ ತಂದು ನಿಲ್ಲಿಸಿದ. ಅವನ ಹೆಸರು ಇಷ್ಟು ದೊಡ್ಡದಾಗಿ ಬರೆದಿರುವ ಟ್ರಕ್ಕು. ಹೊರಗಿನ ನಲ್ಲಿ ಚಳಿಗೆ ಮುಚ್ಚಿದೆ, ನೆಲ ಗಟ್ಟಿಯಾಗಿದೆ. ಮಣ್ಣನ್ನು ಅವನೇ ಸಲಿಕೆ ಹಾಕಿ ಕೆತ್ತಿದ. ನಾನು ಬೇಸ್‌ಮೆಂಟಿನಿಂದ ಬಕೆಟ್ಟಿನಲ್ಲಿ ಬಿಸಿನೀರು ಹೊತ್ತೆ. ಆವಿ ರಸ್ತೆವರೆಗೆ ಹೋಗುತ್ತಿದೆ. ಸಿರಾದಕ್ಕ ಕುರ್ಚಿ ಹಾಕಿಕೊಂಡು ಟೀ ಕುಡಿಯುತ್ತ ನೋಡುತ್ತಿದ್ದಾಳೆ, ಸಿನಿಮಾ ನೋಡುವ ಹಾಗೆ. ಪ್ರಾರ್ಥನೆಗೆ ಹೋಗುವ ಕಾರುಗಳು ನಿಧಾನವಾಗುತ್ತಿವೆ.

ಅವನ ಕೊಪ್ಪರಿಗೆಗಳ ತಳದಲ್ಲಿ ಹರಾಜಿನ ಸ್ಟಿಕರ್ ಇನ್ನೂ ಹಾಗೇ ಇದೆ. ಕಿತ್ತೂ ಇಲ್ಲ! ಹನ್ನೆರಡು ವರ್ಷ!

ಕೈ ಮರಗಟ್ಟಿದೆ ಎಂದು ಒಳಗೆ ಬಂದು ಬರೆಯುತ್ತಿದ್ದೇನೆ. ಕಿಟಕಿಯಿಂದ ಎಲ್ಲ ಕಾಣುತ್ತದೆ. ಮೊದಲ ಸಾಲಿಗೆ ಒಂದನೇ ಸಲ ಮಣ್ಣು ಆಯಿತು, ಆಮೇಲೆ ನೀರು ಎರಡು, ನೀರು ಮೂರು. ಈಗ ನಾಲ್ಕು. ಚಿಕ್ಕಮ್ಮ ಅವನಿಗೆ ಏನೋ ಹೇಳುತ್ತಿದ್ದಾಳೆ, ಅವನು ತಲೆ ಅಲ್ಲಾಡಿಸಿ ನಗುತ್ತಿದ್ದಾನೆ. ನಗು ಬರುತ್ತದಂತೆ. ಇನ್ನು ಮೂರು ಸಲ ಬಾಕಿ.

ಏನದು… ಎತ್ತಿ ಒಣಗಲು ಇಡುತ್ತಿದ್ದಾನೆ! ನಾಲ್ಕಕ್ಕೇ! ಚಿಕ್ಕಮ್ಮ ಸುಮ್ಮನೆ ನಿಂತಿದ್ದಾಳೆ, ಸಿರಾದಕ್ಕ ಟೀ ಬಗ್ಗಿಸಿಕೊಳ್ಳುತ್ತಿದ್ದಾಳೆ, ಇಡೀ ಬೀದಿ ನೋಡುತ್ತಿದೆ, ಒಬ್ಬರೂ ಎಣಿಸಲಿಲ್ಲವಾ? ಇಲ್ಲ. ಇದನ್ನು ಮಾತ್ರ ನಾನು ಬಿಡುವುದಿಲ್ಲ, ಈಗಲೇ ಹೋಗಿ ಅವನ ಎದುರಿಗೇ ಎಣಿಸಿ—